ಪಾರ್ಕಿಗೆ ಬೀಗ ಹಾಕಿದ್ದು ಯಾರು?

ಮನೆ 42, ರಾತ್ರಿ 11:20
ಯಾರು ಹಾಕಿದ್ದು ಬೀಗ? ನೇರವಾಗಿ ಹೇಳಿ. ಒಂಬತ್ತಕ್ಕೆ ಅಂತ ಬೋರ್ಡಿದೆ, ಎಂಟೂಮುಕ್ಕಾಲಿಗೇ ಹಾಕಿಕೊಂಡು ಹೋಗಿದ್ದೀರಿ. ಒಳಗೆ ನಮ್ಮಪ್ಪ ಕೂತಿದ್ದರು. 78 ವರ್ಷ ಅವರಿಗೆ. ಫೋನ್ ಮನೆಯಲ್ಲೇ ಬಿಟ್ಟಿದ್ದರು. ಒಳಗೆ ಯಾರಾದರೂ ಇದ್ದೀರಾ ಅಂತ ಒಂದು ಸಲ ಕೂಗಿದ್ದರೆ ನಿಮ್ಮ ಗಂಟಲು ಹರಿದುಹೋಗುತ್ತಿತ್ತಾ? ಎರಡು ಗಂಟೆ ಕತ್ತಲಲ್ಲಿ ಕೂತು, ಕೊನೆಗೆ ಗೇಟ್ ಹತ್ತಿ ಇಳಿದಿದ್ದಾರೆ. ಮೊಣಕಾಲು ತರಚಿದೆ. ಒಂದು ಚಪ್ಪಲಿ ಒಳಗೇ ಬಿದ್ದಿದೆ. ನಾಳೆ ಆ ಬೀಗ ನಾನೇ ಒಡೆಯುತ್ತೇನೆ.

ಮನೆ 8, 11:22
ಅಯ್ಯೋ. ಅಂಕಲ್ ಈಗ ಹೇಗಿದ್ದಾರೆ?

ಮನೆ 42, 11:23
ಮಲಗಿದ್ದಾರೆ. ಮಾತಾಡುತ್ತಿಲ್ಲ.

ಮನೆ 19, 11:31
ಮೊದಲನೆಯದಾಗಿ, ನಿಮ್ಮ ತಂದೆಯವರಿಗೆ ಹೀಗಾಗಿದ್ದಕ್ಕೆ ಬೇಜಾರಿದೆ. ಎರಡನೆಯದಾಗಿ, ಒಡೆಯುತ್ತೇನೆ ಗಿಡೆಯುತ್ತೇನೆ ಅನ್ನುವ ಮಾತು ಇಲ್ಲಿ ಬೇಡ. ಮೂರನೆಯದಾಗಿ, ಬೀಗ ಯಾಕೆ ಬಂತು ಅಂತ ಎಲ್ಲರಿಗೂ ಗೊತ್ತು. ಆ ರಾತ್ರಿಯನ್ನು ಯಾರೂ ಮರೆತಿಲ್ಲ ಅಂದುಕೊಂಡಿದ್ದೇನೆ.

ಮನೆ 8, 11:32
ಯಾವ ರಾತ್ರಿ ಸಾರ್? ಬೈಕಿನದ್ದಾ, ಸ್ಪೀಕರಿನದ್ದಾ?

ಮನೆ 19, 11:32
ಎರಡೂ.

ಮನೆ 31, 11:36
ಸ್ಪೀಕರ್ ಹಾಕಿದ್ದು ಹೊರಗಿನ ಹುಡುಗರಲ್ಲ. ಹೆಸರು ಹೇಳಲ್ಲ. ಹೇಳಿದರೆ ಇಬ್ಬರು ಈಗಲೇ ಗುಂಪು ಬಿಡುತ್ತಾರೆ.

ಮನೆ 27, 11:37
ಹೇಳಿ ಮೇಡಂ. ಅರ್ಧ ಮಾತಾಡಿ ಮಲಗಬೇಡಿ.

ಅಡ್ಮಿನ್, 11:40
ರಾತ್ರಿ ಹತ್ತರ ಮೇಲೆ ಮೆಸೇಜ್ ಹಾಕಬಾರದು ಅಂತ ನಿಯಮ ಇದೆ. ದಯವಿಟ್ಟು.

ಮನೆ 42, 11:41
ಹತ್ತು ಗಂಟೆಗೆ ಅಪ್ಪ ಇನ್ನೂ ಒಳಗಿದ್ದರು ಸಾರ್. ಅದಕ್ಕೆ ಯಾವ ನಿಯಮ ಇದೆ?

ಮನೆ 3, ಬೆಳಿಗ್ಗೆ 6:02
[ಫಾರ್ವರ್ಡ್ ಆಗಿದೆ] ಶುಭೋದಯ. ಒಂದು ಬಾಗಿಲು ಮುಚ್ಚಿದರೆ ದೇವರು ಇನ್ನೊಂದು ಬಾಗಿಲು ತೆರೆಯುತ್ತಾನೆ.

ಮನೆ 8, 6:10
ಇವತ್ತೇ ಇದನ್ನು ಕಳಿಸಬೇಕಿತ್ತಾ ಅಂಕಲ್?

ಮನೆ 3, 6:15
ಯಾಕಮ್ಮ? ಏನಾಯಿತು? ನಾನು ಹಿಂದಿನದು ಓದಿಲ್ಲ.

ಮೇಷ್ಟ್ರು (ಮನೆ 6), 7:05
42ನೇ ಮನೆಯವರೇ, ಬೀಗ ಒಡೆಯಬೇಡಿ. ಆದರೆ ನಿಮ್ಮ ಸಿಟ್ಟು ಹೊಸದಲ್ಲ. ಲಂಡನ್ನಿನ ಹೈಡ್ ಪಾರ್ಕಿಗೂ ಒಮ್ಮೆ ಹೀಗೇ ಬೀಗ ಬಿದ್ದಿತ್ತು. 1866ರ ಜುಲೈ 23. ದುಡಿಯುವ ಜನ ಓಟಿನ ಹಕ್ಕು ಕೇಳಲು ಅಲ್ಲಿ ಸೇರಬೇಕೆಂದು ಹೊರಟಿದ್ದರು. ಸಭೆ ಬೇಡ ಅಂತ ಸರ್ಕಾರ ಗೇಟ್ ಮುಚ್ಚಿಸಿತು. ಜನ ಸುಮ್ನೆ ಕಂಬಿ ಹಿಡಿದು ಅಲ್ಲಾಡಿಸಿದರು, ಬೇಲಿ ಮಗುಚಿಕೊಂಡಿತು. ಮರುವರ್ಷವೇ ಊರುಗಳ ಎಷ್ಟೋ ದುಡಿಯುವ ಗಂಡಸರಿಗೆ ಓಟು ಸಿಕ್ಕಿತು. 1872ರಲ್ಲಿ ಪಾರ್ಕುಗಳ ಕಾನೂನು ಬಂತು, ಅದೇ ಪಾರ್ಕಿನ ಮೂಲೆಯಲ್ಲಿ ನಿಂತು ಮಾತಾಡುವುದಕ್ಕೆ ಜಾಗವಾಯಿತು. ಇವತ್ತಿಗೂ ಅದನ್ನು ಸ್ಪೀಕರ್ಸ್ ಕಾರ್ನರ್ ಅಂತಾರೆ.

ಮನೆ 14, 7:07
ಅಲ್ಲೂ ಸ್ಪೀಕರಿನದ್ದೇ ಗಲಾಟೆ!

ಮನೆ 19, 7:12
ಮೇಷ್ಟ್ರೇ, ಬೇಲಿ ಕೀಳಿ ಅಂತ ಹುಡುಗರಿಗೆ ಹೇಳಿಕೊಡುತ್ತಿದ್ದೀರಾ? ನಾನೂ ಓದಿದ್ದೇನೆ. ನ್ಯೂಯಾರ್ಕಿನಲ್ಲಿ ಗ್ರಾಮರ್ಸಿ ಪಾರ್ಕ್ ಅಂತ ಇದೆ. 1831ರಿಂದ ಇದೆ. ಸುತ್ತಲಿನ ಮನೆಯವರ ಹತ್ತಿರ ಮಾತ್ರ ಕೀಲಿ. ಎಷ್ಟು ಚೊಕ್ಕವಾಗಿದೆ ನೋಡಿ. ಫೋಟೋ ಹಾಕುತ್ತೇನೆ.

[ಮನೆ 19 ಏಳು ಫೋಟೋ ಹಾಕಿದ್ದಾರೆ]

ಮೇಷ್ಟ್ರು (ಮನೆ 6), 7:15
ಚೊಕ್ಕವಾಗಿದೆ, ನಿಜ. ಆದರೆ ಅದು ಖಾಸಗಿ ಜಾಗ ಸಾರ್. ನಮ್ಮದು ಅಲ್ಲವಲ್ಲ. ನಿಮ್ಮ ಫೋಟೋಗಳಲ್ಲಿ ಒಬ್ಬ ಮನುಷ್ಯನೂ ಕಾಣಿಸುತ್ತಿಲ್ಲ, ಗಮನಿಸಿದಿರಾ?

ಮನೆ 19, 7:16
ಅದಕ್ಕೇ ಚೊಕ್ಕವಾಗಿದೆ.

ಮನೆ 23 ಮೇಲಿನ ಮಹಡಿ, 7:30
ಕೀಲಿ ಅಂದ್ರೆ ನೆನಪಾಯಿತು. ಕೀಲಿ ಯಾರ ಹತ್ತಿರ ಇರಬೇಕು ಅಂತ ಹೋದ ಸಲ ತೀರ್ಮಾನ ಆದಾಗ ಬಾಡಿಗೆಯವರನ್ನು ಯಾಕೆ ಕೇಳಲಿಲ್ಲ? ಪಾರ್ಕಿಗೆ ಜಾಸ್ತಿ ಹೋಗುವವರು ನಾವೇ. ನಮಗೆ ಬಾಲ್ಕನಿ ಇಲ್ಲ.

ಮನೆ 19, 7:33
ಬೈಲಾ ಓದಿ. ಓಟು ಮಾಲೀಕರಿಗೆ ಮಾತ್ರ. ನಾಳೆ ನೀವು ಮನೆ ಖಾಲಿ ಮಾಡಿ ಹೋಗುತ್ತೀರಿ, ಅನುಭವಿಸುವವರು ನಾವು.

ಮನೆ 23 ಮೇಲಿನ ಮಹಡಿ, 7:34
ಒಂಬತ್ತು ವರ್ಷದಿಂದ ಇಲ್ಲೇ ಇದ್ದೇನೆ ಸಾರ್. ನೀವು ಬಂದು ಆರು.

ಮನೆ 31, 7:40
ಮಾಲೀಕರೋ ಬಾಡಿಗೆಯವರೋ ಆಮೇಲೆ. ಆ ಬೋರ್ಡನ್ನು ಮೊದಲು ತೆಗೆಸಿ. "ನಡೆಯಲು ಮಾತ್ರ, ಗುಂಪಾಗಿ ಕೂರಬಾರದು." ಯಾರು ಬರೆಸಿದ್ದು ಇದನ್ನ? 1977ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಪ್ಲಾಸಾ ದೆ ಮಾಯೋ ಅನ್ನುವ ಚೌಕದಲ್ಲಿ ಬಂದು ನಿಂತರು. ಮಿಲಿಟರಿ ಆಡಳಿತ ಅವರ ಮಕ್ಕಳನ್ನು ಎತ್ತಿಕೊಂಡು ಹೋಗಿತ್ತು. ಗುಂಪಾಗಿ ನಿಲ್ಲಬೇಡಿ, ನಡೀರಿ ನಡೀರಿ ಅಂದರು ಪೊಲೀಸರು. ಸರಿ ಅಂತ ಆ ಹೆಂಗಸರು ನಡೆದೇ ನಡೆದರು, ಚೌಕದ ಸುತ್ತ, ಪ್ರತಿ ಗುರುವಾರ, ವರ್ಷಗಟ್ಟಲೆ. ನೀವು "ನಡೆಯಲು ಮಾತ್ರ" ಅಂತ ಬರೆಸುವಾಗ ಸ್ವಲ್ಪ ಹುಷಾರು.

ಮನೆ 27, 7:44
ಬೋರ್ಡ್ ಬರೆಸಿದ್ದು ನಾನು. ಆಗ ಎಲ್ಲರೂ ಹೆಬ್ಬೆಟ್ಟು ಎತ್ತಿದ್ದಿರಿ. ಸ್ಕ್ರೀನ್‌ಶಾಟ್ ಇದೆ. ನಿಮ್ಮದೂ ಇದೆ ಮೇಡಂ.

ಮನೆ 31, 7:45
ನಾನು ಎತ್ತಿದ್ದು ಅದರ ಮೇಲಿನ ಮೆಸೇಜಿಗೆ.

ಮನೆ 14, 7:50
ಗುಂಪಾಗಿ ಕೂರುವ ಗುಂಪು ನಮ್ಮದೇ. ಒಪ್ಪಿಕೊಂಡೆ. ಆದರೆ ಮೂರು ಬೆಂಚಿನಲ್ಲಿ ಎರಡನ್ನು ನೀವು ಕಿತ್ತು ಹಾಕಿದ ಮೇಲೆ ನಾವು ಗೇಟಿನ ಹತ್ತಿರ ಬೈಕ್ ಮೇಲೆ ಕೂರುತ್ತಿದ್ದೇವೆ. ಆ ಕಡೆ ಲೈಟೂ ಇಲ್ಲ. ಉಳಿದ ಒಂದು ಬೆಂಚು ಅಂಕಲ್‌ದು. ಅವರು ಜರುಗಿ ಜಾಗ ಕೊಡುತ್ತಾರೆ, ಅದು ಬೇರೆ ಮಾತು.

ಮೇಷ್ಟ್ರು (ಮನೆ 6), 8:02
ಇದು ಸರಿಯಾದ ಮಾತು. ವಿಲಿಯಂ ವೈಟ್ ಅಂತ ಒಬ್ಬರು 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ ಅಂತ ದಿನಗಟ್ಟಲೆ ನೋಡಿದರು. ಕೂರಲು ಜಾಗ ಇದ್ದಲ್ಲಿ ಕೂರುತ್ತಾರೆ ಅನ್ನುವುದೇ ಅವರು ಕಂಡುಕೊಂಡಿದ್ದು. ನಗಬೇಡಿ. ಬೇಡದವರು ಬರುತ್ತಾರೆ ಅನ್ನುವ ಭಯಕ್ಕೆ ಬೆಂಚು ಕಿತ್ತರೆ, ಬೇಕಾದವರೇ ಮೊದಲು ಹೋಗುತ್ತಾರೆ. ಎಲ್ಲರೂ ಬರುವ ಹಾಗೆ ಮಾಡುವುದೇ ಸುಲಭದ ಕಾವಲು. ನನ್ನ ಸಲಹೆ: ಬೀಗ ತೆಗೆಯಿರಿ, ಎರಡು ಬೆಂಚು ವಾಪಸ್ ಹಾಕಿ, ಮರದ ಕೆಳಗೆ ಒಂದು ಲೈಟ್.

ಮನೆ 8, 8:03
ನಾನೂ ಇದಕ್ಕೇ.

ಮನೆ 19, 8:09
ಎಲ್ಲರೂ ಅಂದ್ರೆ ಯಾರು? ಪಕ್ಕದ ಬಡಾವಣೆಯವರೂನಾ? ಮೇಷ್ಟ್ರು ಅಥೆನ್ಸ್, ಪ್ರಜಾಪ್ರಭುತ್ವ ಅಂತ ಹಿಂದೊಮ್ಮೆ ಪಾಠ ಮಾಡಿದ್ದರು. ಅಲ್ಲೂ ಗುಡ್ಡದ ಮೇಲಿನ ಸಭೆಗೆ ಎಲ್ಲರನ್ನೂ ಬಿಡುತ್ತಿರಲಿಲ್ಲ, ಅಲ್ವಾ?

ಮನೆ 31, 8:10
ಬಿಡುತ್ತಿರಲಿಲ್ಲ. ಹೆಂಗಸರನ್ನು, ಗುಲಾಮರನ್ನು, ಹೊರಗಿನಿಂದ ಬಂದು ನೆಲೆಸಿದವರನ್ನು. ನಿಮ್ಮ ಬೈಲಾ ಅಲ್ಲಿಂದಲೇ ಬಂದಿರಬೇಕು.

ಮನೆ 3, 8:12
[ಫಾರ್ವರ್ಡ್ ಆಗಿದೆ] ಮೊಣಕಾಲು ನೋವೇ? ದಿನಾ ಹತ್ತು ನಿಮಿಷ ಹಿಮ್ಮುಖವಾಗಿ ನಡೆಯಿರಿ.

ಮನೆ 14, 8:12
ಗೇಟ್ ಹಿಮ್ಮುಖವಾಗಿ ಹತ್ತಬೇಕಿತ್ತು.

ಮನೆ 42, 8:20
ನಗಿ. ನನಗೂ ನಗು ಬರುತ್ತಿತ್ತು, ಬೇರೆಯವರ ಅಪ್ಪನಾಗಿದ್ದರೆ. ಒಂದು ಮಾತು ಹೇಳುತ್ತೇನೆ. ಅಪ್ಪ ಅಲ್ಲಿಗೆ ಹೋಗುವುದು ಗಾಳಿ ಕುಡಿಯಲು ಅಲ್ಲ. ಮನೆಯಲ್ಲಿ ನಾವೆಲ್ಲ ಅವರ ಆರೋಗ್ಯ ಕೇಳುತ್ತೇವೆ. ಆ ಬೆಂಚಿನಲ್ಲಿ ಯಾರಾದರೂ ಅವರ ಅಭಿಪ್ರಾಯ ಕೇಳುತ್ತಾರೆ. ಈ ಹುಡುಗರು ಕೂಡ. ಬೆಳಿಗ್ಗೆ ಎದ್ದು, ಇನ್ನು ಹೋಗಲ್ಲ ಬಿಡು ಅಂದರು. ಬೀಗ ಹಾಕಿದವರು ಒಂದು ಸಾಲು ಬರೆಯಿರಿ ಸಾಕು. ಕ್ಷಮೆ ಕೂಡ ಬೇಡ.

(ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಅಡ್ಮಿನ್, 8:31
ಪೋಲ್ ಹಾಕಿದ್ದೇನೆ. 1. ಬೀಗ ಬೇಡ. 2. ಬೀಗ ಹತ್ತು ಗಂಟೆಗೆ. 3. ಈಗಿರುವ ಹಾಗೆ.

ಮನೆ 19, 8:33
ನಾಲ್ಕನೆಯದು ಸೇರಿಸಿ: ಬೀಗ ಮತ್ತು ಕ್ಯಾಮೆರಾ. ಐದನೆಯದು: ಮಾಲೀಕರ ಸಭೆಯಲ್ಲಿ ತೀರ್ಮಾನ.

ಮನೆ 27, 8:40
23ರಿಂದ ಎರಡು ಓಟು ಬಿದ್ದಿದೆ. ಗಂಡ ಹೆಂಡತಿ ಇಬ್ಬರೂ ಒತ್ತಿದ್ದಾರೆ. ಮನೆಗೆ ಒಂದೇ ಓಟು.

ಮನೆ 23 ಮೇಲಿನ ಮಹಡಿ, 8:41
ಈಗ ತಾನೇ ಬಾಡಿಗೆಯವರಿಗೆ ಓಟೇ ಇಲ್ಲ ಅಂದಿರಿ. ಇಲ್ಲದ ಓಟನ್ನು ಎಣಿಸುತ್ತಿದ್ದೀರಲ್ಲ!

ಅಡ್ಮಿನ್, 8:55
ಪೋಲ್ ತೆಗೆದಿದ್ದೇನೆ. ಭಾನುವಾರ ಸಂಜೆ ಐದಕ್ಕೆ ಸಭೆ. ಪಾರ್ಕಿನಲ್ಲೇ, ಮರದ ಕೆಳಗೆ.

ಮನೆ 8, 8:56
ಗುಂಪಾಗಿ ಕೂರಬಹುದಾ ಸಾರ್?

ಅಡ್ಮಿನ್, 8:57
ನಿಂತುಕೊಂಡು ಮಾಡೋಣ.

ಮನೆ 14, 9:10
ಇನ್ನೂ ಬೀಗ ತೆಗೆದಿಲ್ಲ. ಗೇಟ್ ಹತ್ತಿರವೇ ಇದ್ದೇನೆ. ಕೀಲಿ ಯಾರ ಹತ್ತಿರ ಇದೆ?

ಮನೆ 27, 9:12
ಒಂದು 19ರಲ್ಲಿ. ಒಂದು ಮೇಷ್ಟ್ರ ಹತ್ತಿರ. ಇನ್ನೊಂದು ಹಳೇ ಕಾರ್ಯದರ್ಶಿ ಹತ್ತಿರ ಇತ್ತು, ಅವರು ಮನೆ ಮಾರಿ ಹೋದರು.

ಮನೆ 19, 9:13
ನಾನು ನಿನ್ನೆ ಊರಲ್ಲೇ ಇರಲಿಲ್ಲ. ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ಮನೆ 31, 9:14
ಹಾಗಾದ್ರೆ...

ಮನೆ 27, 9:20
ಅದು ಬಿಡಿ, ಗೇಟಿಗೆ ಅಡ್ಡವಾಗಿ ಬಿಳಿ ಕಾರ್ ನಿಲ್ಲಿಸಿದ್ದು ಯಾರು? ಬೀಗ ತೆಗೆದರೂ ಗೇಟ್ ತೆರೆಯಲು ಆಗಲ್ಲ.

ಮನೆ 19, 9:21
ಇದೇ ನಾನು ಎರಡು ವರ್ಷದಿಂದ ಹೇಳುತ್ತಿರುವುದು! ಮೊದಲನೆಯದಾಗಿ, ಮನೆಗೆ ಒಂದು ಕಾರು. ಎರಡನೆಯದಾಗಿ, ನೆಂಟರ ಕಾರು ಮುಖ್ಯರಸ್ತೆಯಲ್ಲಿ. ಮೂರನೆಯದಾಗಿ, ಪಾರ್ಕಿನ ಪಶ್ಚಿಮದ ಅಂಚು ಹೇಗೂ ಖಾಲಿ ಇದೆ. ಆರಡಿ ಒಳಗೆ ತೆಗೆದುಕೊಂಡರೆ ಎಂಟು ಕಾರ್ ನಿಲ್ಲುತ್ತದೆ.

ಮನೆ 23 ಮೇಲಿನ ಮಹಡಿ, 9:23
ಇದಕ್ಕೆ ನಾನೂ ಒಪ್ಪುತ್ತೇನೆ ಸಾರ್. ನಮಗೆ ಜಾಗವೇ ಇಲ್ಲ.

ಮನೆ 27, 9:23
ಒಳ್ಳೆ ಐಡಿಯಾ.

ಮೇಷ್ಟ್ರು (ಮನೆ 6), 9:30
ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ನಡುವೆ ದೊಡ್ಡ ರಸ್ತೆ ಹಾಕಲು ಹೊರಟಿದ್ದರು. ಅಕ್ಕಪಕ್ಕದ ತಾಯಂದಿರು ವರ್ಷಗಟ್ಟಲೆ ಹೋರಾಡಿ, 1958ರಲ್ಲಿ ಆ ಪಾರ್ಕಿಗೆ ಕಾರುಗಳೇ ಬರದ ಹಾಗೆ ಮಾಡಿದರು.

ಮನೆ 19, 9:31
ಅಲ್ಲಿ ಮೆಟ್ರೋ ಇದೆ ಮೇಷ್ಟ್ರೇ.

ಅಡ್ಮಿನ್, 9:45
ಭಾನುವಾರದ ಸಭೆಯ ವಿಷಯ: ಪಾರ್ಕಿಂಗ್. ಸಮಯ ಉಳಿದರೆ ಬೀಗ. ಜಾಗ ಬದಲಾಗಿದೆ, 19ನೇ ಮನೆಯ ಟೆರೇಸ್. ನೆರಳಿದೆ, ಕುರ್ಚಿಯೂ ಇದೆ ಅಂದಿದ್ದಾರೆ.

ಮನೆ 31, 9:50
ಮೇಷ್ಟ್ರೇ, ನಿಮ್ಮ ಹತ್ತಿರ ಒಂದು ಕೀಲಿ ಇದೆ ಅಂದರಲ್ಲ ಅವರು?

ಮೇಷ್ಟ್ರು (ಮನೆ 6), 10:25
ನಾನೇ. ನಿನ್ನೆ ಮಳೆ ಬರುವ ಹಾಗಿತ್ತು, ಬೇಗ ಹಾಕಿಬಿಟ್ಟೆ. ಕನ್ನಡಕ ಇರಲಿಲ್ಲ. 42ನೇ ಮನೆಯವರೇ, ನಿಮ್ಮ ಮನೆಗೇ ಬರುತ್ತಿದ್ದೇನೆ.

ಮನೆ 3, 10:40
[ಫೋಟೋ] ಯಾರೋ ಪಾರ್ಕ್ ತೆಗೆದಿದ್ದಾರೆ, ವಾಕಿಂಗ್‌ಗೆ ಬಂದೆ. ಬೆಂಚಿನ ಹತ್ತಿರ ಈ ಚಪ್ಪಲಿ ಸಿಕ್ಕಿತು. ಒಂದೇ ಇದೆ. ಯಾರದು?