ಕನ್ನಡ ಪಾಠಗಳಿಗೆ ಸ್ಟೋರಿಲೈನ್ ಸಾಕೋ, ಎಚ್5ಪಿ ಸಾಕೋ? ಜೊತೆಗೆ ಮೂಡಲ್‌ನಲ್ಲಿ ‘ನಿಲ್ಲಿಸಿದ ಕಡೆಯಿಂದ’ ಶುರುವಾಗದ ತೊಂದರೆ

ಪಾಠಪೆಟ್ಟಿಗೆ:
ಹಾಲು ಉತ್ಪಾದಕರ ಸಹಕಾರ ಸಂಘಗಳ ಸಿಬ್ಬಂದಿಗೆ 12 ಪಾಠ ಆಗಬೇಕು: ಹಾಲಿನ ಪರೀಕ್ಷೆ, ಫ್ಯಾಟ್–ಎಸ್‌ಎನ್‌ಎಫ್ (ಕೊಬ್ಬು ಮತ್ತು ಕೊಬ್ಬೇತರ ಘನಾಂಶ) ಲೆಕ್ಕ, ದಾಖಲೆ ಬರೆಯುವುದು. ಎಲ್ಲವೂ ಕನ್ನಡದಲ್ಲೇ. ಕಲಿಯುವವರು ಸುಮಾರು 400 ಮಂದಿ, ಹೆಚ್ಚಿನವರ ಕೈಯಲ್ಲಿ ಆಂಡ್ರಾಯ್ಡ್ ಫೋನ್, ಊರಲ್ಲಿ ನೆಟ್‌ವರ್ಕ್ ಬಂದರೆ ಬಂತು. ಸರ್ವರ್‌ನಲ್ಲಿ ಮೂಡಲ್ 4.1 (ಆನ್‌ಲೈನ್ ಪಾಠ ನಡೆಸುವ ತಂತ್ರಾಂಶ) ಇದೆ. ಪಾಠ ಕಟ್ಟುವುದು ಒಬ್ಬರೇ.

ಪಾಠ ಕಟ್ಟುವ ಸ್ಟೋರಿಲೈನ್ ತಂತ್ರಾಂಶದ ಟ್ರಯಲ್‌ನಲ್ಲಿ ಒಂದು ಪಾಠ ಮಾಡಿ ಸ್ಕಾರ್ಮ್ 1.2ಗೆ (ಮೂಡಲ್‌ನಂಥ ಕಡೆ ಏರಿಸುವ ಪಾಠದ ಪ್ಯಾಕೇಜ್ ಮಾದರಿ) ಪಬ್ಲಿಷ್ ಮಾಡಿದ್ದೇವೆ. ಎರಡು ತೊಂದರೆ. ಹಳೆಯ ವರ್ಡ್ ಟಿಪ್ಪಣಿಯಿಂದ ಅಂಟಿಸಿದ ಭಾಗ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಇನ್ನೊಂದು, 30ನೇ ಸ್ಲೈಡ್ ದಾಟಿದ ಮೇಲೆ ನಿಲ್ಲಿಸಿ ಮರಳಿ ಬಂದರೆ ಎಷ್ಟೋ ಹಿಂದಿನ ಸ್ಲೈಡ್‌ಗೆ ಹೋಗಿ ನಿಲ್ಲುತ್ತದೆ. ಟ್ರಯಲ್ ಮುಗಿಯುವ ಮೊದಲು ಕೊಳ್ಳಬೇಕೋ ಬಿಡಬೇಕೋ ತೀರ್ಮಾನಿಸಬೇಕು.

ಮೂಡಲ್‌ಮನೆ:
ಕೊಳ್ಳುವ ಮಾತು ಮೊದಲು. ನಿಮ್ಮ ಪಾಠಗಳು ಓದು, ಸಣ್ಣ ವಿಡಿಯೊ, ಪ್ರಶ್ನೆ ಇಷ್ಟೇ ಆದರೆ ಎಚ್5ಪಿ (ಮೂಡಲ್ ಒಳಗೇ ಸಿಗುವ, ಪಾಠ–ಪ್ರಶ್ನೆ ಕಟ್ಟುವ ಸಾಧನ) ಸಾಕು. ಮೂಡಲ್ 3.9ರಿಂದ ಕಂಟೆಂಟ್ ಬ್ಯಾಂಕ್ ಒಳಗೇ ಕೂತು ಪಾಠ ಕಟ್ಟಬಹುದು, ಅಂಕ ನೇರ ಮೂಡಲ್‌ನ ಅಂಕಪಟ್ಟಿಗೆ (ಗ್ರೇಡ್‌ಬುಕ್) ಹೋಗುತ್ತದೆ, ದುಡ್ಡಿಲ್ಲ. ಸರ್ವರ್ ಮುಟ್ಟದೆ ಕೆಲಸ ಮಾಡಬೇಕೆಂದರೆ ಲೂಮಿ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಅದು ಸ್ಕಾರ್ಮ್ ಪ್ಯಾಕೇಜ್ ಕೂಡ ಕೊಡುತ್ತದೆ.

ಸ್ಟೋರಿಲೈನ್‌ನ ಬೆಲೆಗೆ ತಕ್ಕ ಕೆಲಸ ಅಂದರೆ ಟೈಮ್‌ಲೈನ್, ಟ್ರಿಗರ್, ವೇರಿಯೇಬಲ್. ಸಾಫ್ಟ್‌ವೇರ್ ಪರದೆಯ ಅನುಕರಣೆ, ಹೆಜ್ಜೆ ತಪ್ಪಿದರೆ ಬೇರೆ ದಾರಿಗೆ ಹೋಗುವ ಪ್ರಸಂಗ ಇಂಥವಕ್ಕೆ ಅದು ಬೇಕು. ಆದರೆ ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ವರ್ಷದ ಚಂದಾ ನಿಂತರೆ ಪಬ್ಲಿಷ್ ಮಾಡಿದ ಪಾಠ ನಡೆಯುತ್ತಲೇ ಇರುತ್ತದೆ, ಮೂಲ ಫೈಲ್ ತೆರೆದು ತಿದ್ದಲು ಆಗುವುದಿಲ್ಲ. ಹಾಲಿನ ದರ ಬದಲಾದಾಗಲೆಲ್ಲ ಪಾಠ ತಿದ್ದಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ನೆಟ್‌ವರ್ಕ್ ಇಲ್ಲದವರಿಗೆ ಮೂಡಲ್ ಆ್ಯಪ್ ಕೊಡಿಸಿ. ಸ್ಕಾರ್ಮ್ ಆಫ್‌ಲೈನ್ ಆಗಬೇಕಾದರೆ ಸೆಟ್ಟಿಂಗ್‌ನಲ್ಲಿ ‘ಪ್ರೊಟೆಕ್ಟ್ ಪ್ಯಾಕೇಜ್ ಡೌನ್‌ಲೋಡ್ಸ್’ ಟಿಕ್ ತೆಗೆದಿರಬೇಕು. ಇದನ್ನು ಮರೆತವರೇ ಜಾಸ್ತಿ.

ಅರ್ಕಾವತ್ತು:
ಅಕ್ಷರದ ವಿಷಯ ನನಗೆ ಬಿಡಿ. ಗೋಜಲಾಗಿರುವುದು ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ. ಅಲ್ಲಿ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಚಿತ್ರ ತೊಡಿಸಿದ್ದಾರೆ ಅಷ್ಟೆ. ಫಾಂಟ್ ಕಳಚಿದರೆ ವೇಷ ಬಯಲು. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅಂಟಿಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಎರಡು ಒತ್ತು ಬಂದ ಜಾಗ, ಏತ್ವ–ಓತ್ವದ ದೀರ್ಘ ಇವನ್ನು ಕಣ್ಣಿಟ್ಟು ಓದಿ.

ಯಾವ ಸಾಫ್ಟ್‌ವೇರ್ ಆದರೂ ಕೊಳ್ಳುವ ಮುಂಚೆ ಒಂದು ಸ್ಲೈಡ್‌ನಲ್ಲಿ ‘ಸ್ತ್ರೀ, ಕ್ಷೀರ, ಅರ್ಥಶಾಸ್ತ್ರ, ಕೃಷ್ಣ, ರ‍್ಯಾಂಕ್’ ಎಂದು ಬರೆದು ಪಬ್ಲಿಷ್ ಮಾಡಿ ಫೋನ್‌ನಲ್ಲಿ ನೋಡಿ. ಎಡಿಟರ್ ಒಳಗೆ ಚೆನ್ನಾಗಿ ಕಂಡದ್ದು ಹೊರಗೆ ಒಡೆಯಬಹುದು. ನಿರ್ಮಲಾ ಯುಐ ವಿಂಡೋಸ್‌ನ ಫಾಂಟ್, ಆಂಡ್ರಾಯ್ಡ್‌ನಲ್ಲಿ ಇರುವುದಿಲ್ಲ. ನೋಟೋ ಸ್ಯಾನ್ಸ್ ಕನ್ನಡ ಬಳಸಿದರೆ ನೆಮ್ಮದಿ. ಪಾಠದ ಜೊತೆ ಕಳಿಸುವ ಫಾಂಟ್ ಫೈಲನ್ನು (ವೆಬ್‌ಫಾಂಟ್) ಕಿರಿದು ಮಾಡುವವರು ಇನ್ನೊಂದು ನೆನಪಿಡಿ: ಒತ್ತುಗಳಿಗೆ ತಮ್ಮದೇ ಯುನಿಕೋಡ್ ಸಂಖ್ಯೆ ಇಲ್ಲ. ಬರೀ ಅಕ್ಷರಪಟ್ಟಿ ನೋಡಿ ಕತ್ತರಿಸುವ ಸಾಧನವಾದರೆ ಒತ್ತುಗಳೇ ಮಾಯ.

ಮೂಡಲ್‌ಮನೆಯವರು ಎಚ್5ಪಿಯನ್ನು ಹೊಗಳಿದ್ದು ಸರಿ, ಆದರೆ ‘ಖಾಲಿ ಜಾಗ ತುಂಬಿ’ ಪ್ರಶ್ನೆ ಕನ್ನಡದಲ್ಲಿ ಕೈಕೊಡುತ್ತದೆ. ‘ಲ್ಯಾಕ್ಟೋಮೀಟರ್’ನ ‘ಟೋ’ವನ್ನು ಒಂದೇ ಓತ್ವ ಚಿಹ್ನೆಯಿಂದಲೂ ಬರೆಯಬಹುದು, ಒತ್ವಕ್ಕೆ ದೀರ್ಘದ ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಅಕ್ಷರ ಹೋಲಿಸುವ ಪ್ರೋಗ್ರಾಂಗೆ ಬೇರೆ ಬೇರೆ. ಕೆಲವರು ‘ಲ್ಯಾಕ್ಟೊಮೀಟರ್’ ಎಂದೂ ಬರೆಯುತ್ತಾರೆ. ಉತ್ತರಗಳ ನಡುವೆ ಓರೆಗೆರೆ ಹಾಕಿ ಎಲ್ಲ ರೂಪಗಳನ್ನೂ ಕೊಡಿ. ಸಣ್ಣ ಕಾಗುಣಿತ ತಪ್ಪು ಒಪ್ಪುವ ಆಯ್ಕೆ ಇದೆ, ಆದರೆ ಹ್ರಸ್ವ–ದೀರ್ಘದ ವ್ಯತ್ಯಾಸವನ್ನೂ ಅದು ನುಂಗಿಬಿಡುತ್ತದೆ. ನನ್ನ ಕೇಳಿದರೆ ಫೋನ್‌ನಲ್ಲಿ ಕಲಿಯುವವರಿಂದ ಟೈಪ್ ಮಾಡಿಸಲೇ ಬೇಡಿ. ಎಳೆದು ಬಿಡುವ ಅಥವಾ ಆರಿಸುವ ಪ್ರಶ್ನೆ ಕೊಡಿ.

ಪಾಠಪೆಟ್ಟಿಗೆ:
ಪರಿವರ್ತಿಸಿದ ಮೇಲೆ ಪಠ್ಯ ಸರಿಹೋಯಿತು, ಧನ್ಯವಾದ ಸರ್. ಮುಂದುವರಿಕೆಯ ತೊಂದರೆ ಹಾಗೇ ಇದೆ. ಬ್ರೌಸರ್‌ನಲ್ಲಿ ಎಫ್12 ಒತ್ತಿ ಎರರ್ ಪಟ್ಟಿ ನೋಡಿದರೆ 405 ಎಂಬ ಎರರ್ ಬರುತ್ತಿದೆ. ಪಾಠದಲ್ಲಿ ಕಲಿಯುವವರು ಕನ್ನಡದಲ್ಲಿ ಟೈಪ್ ಮಾಡುವ ಜಾಗ ಎಂಟು ಇವೆ.

ಸ್ಕಾರ್ಮ್‌ಸಾಕ್ಷಿ:
405 ಬಂದಿದ್ದರೆ ಕಾರಣ ಹೆಚ್ಚು ಕಡಿಮೆ ಖಚಿತ. ಎಲ್ಲಿ ನಿಲ್ಲಿಸಿದರು, ಏನು ಉತ್ತರಿಸಿದರು ಎಂಬುದೆಲ್ಲ ‘ಸಸ್ಪೆಂಡ್ ಡೇಟಾ’ ಎಂಬ ಒಂದೇ ಖಾನೆಗೆ ಹೋಗುತ್ತದೆ. ಸ್ಕಾರ್ಮ್ 1.2ರಲ್ಲಿ ಅದರ ಮಿತಿ 4096 ಅಕ್ಷರ. ಮೀರಿದ ಕೂಡಲೇ ಮೂಡಲ್ ಹೊಸದನ್ನು ತಿರಸ್ಕರಿಸುತ್ತದೆ, ಹಿಂದೆ ಉಳಿಸಿದ್ದೇ ಉಳಿಯುತ್ತದೆ. ಹಳೆಯ ಸ್ಲೈಡ್‌ಗೆ ಹೋಗಿ ನಿಲ್ಲುವುದು ಅದಕ್ಕೇ.

ಕನ್ನಡಕ್ಕೆ ಇದು ಇನ್ನೂ ಬಿಗಿ. ಯುನಿಕೋಡ್ ಪಠ್ಯ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ 3 ಬೈಟ್. ಪಠ್ಯವನ್ನು ಯುಆರ್‌ಎಲ್ ರೀತಿಯಲ್ಲಿ ಶೇಕಡಾ ಚಿಹ್ನೆ ಹಾಕಿ ಉಳಿಸುವ ಪ್ಯಾಕೇಜ್ ಆದರೆ ಪ್ರತಿ ಬೈಟ್‌ಗೆ 3 ಅಕ್ಷರ, ಅಂದರೆ ಒಂದು ಕನ್ನಡ ಚಿಹ್ನೆಗೆ 9. ‘ಲ್ಯಾಕ್ಟೋಮೀಟರ್’ನಲ್ಲಿ 13 ಚಿಹ್ನೆ, ಅದೊಂದೇ 117 ಅಕ್ಷರ ತಿನ್ನುತ್ತದೆ. ಇಂಥ 35 ಪದಕ್ಕೆ ಖಾನೆ ಭರ್ತಿ.

ಮಾಡಬೇಕಾದ್ದು: ಸೈಟ್ ಅಡ್ಮಿನಿಸ್ಟ್ರೇಷನ್, ಪ್ಲಗಿನ್ಸ್, ಆ್ಯಕ್ಟಿವಿಟಿ ಮಾಡ್ಯೂಲ್ಸ್, ಸ್ಕಾರ್ಮ್ ಪ್ಯಾಕೇಜ್ ಎಂದು ಹೋಗಿ ‘ಸ್ಕಾರ್ಮ್ ಸ್ಟ್ಯಾಂಡರ್ಡ್ಸ್ ಮೋಡ್’ ಆಫ್ ಮಾಡಿ, ಆಗ ಮೂಡಲ್ ಮಿತಿಗಿಂತ ಹೆಚ್ಚು ಉಳಿಸಲು ಬಿಡುತ್ತದೆ. ಅಡ್ಮಿನ್ ಒಪ್ಪದಿದ್ದರೆ ಪಾಠವನ್ನು ಎರಡಾಗಿ ಸೀಳಿ, ಬರೀ ಓದುವ ಸ್ಲೈಡ್‌ಗಳಿಗೆ ‘ವೆನ್ ರೀವಿಸಿಟಿಂಗ್’ ಎಂಬಲ್ಲಿ ‘ರೀಸೆಟ್ ಟು ಇನಿಷಿಯಲ್ ಸ್ಟೇಟ್’ ಆರಿಸಿ. ಸ್ಕಾರ್ಮ್ 2004ಕ್ಕೆ ಹಾರಬೇಡಿ, ಮೂಡಲ್ ಅದನ್ನು ಪೂರ್ತಿ ಬೆಂಬಲಿಸುವುದಿಲ್ಲ. ಚಟುವಟಿಕೆಯ ಸೆಟ್ಟಿಂಗ್‌ನಲ್ಲಿ ‘ಫೋರ್ಸ್ ನ್ಯೂ ಅಟೆಂಪ್ಟ್’ ‘ಆಲ್ವೇಸ್’ ಎಂದಿದೆಯೋ ನೋಡಿ. ಇದ್ದರೆ ಪ್ರತಿ ಸಲ ಮೊದಲಿನಿಂದಲೇ.

ತಪ್ಪು ಪ್ಯಾಕೇಜಿನದೋ ಮೂಡಲ್‌ನದೋ ಎಂಬ ಅನುಮಾನ ಬಂದಾಗ ಅದೇ ಜಿಪ್ ಅನ್ನು ಸ್ಕಾರ್ಮ್ ಕ್ಲೌಡ್ ಎಂಬ ಪರೀಕ್ಷಾ ತಾಣಕ್ಕೆ ಏರಿಸಿ ಓಡಿಸಿ. ಅಲ್ಲೂ ಕೆಟ್ಟರೆ ಪ್ಯಾಕೇಜ್, ಅಲ್ಲಿ ಸರಿ ಇದ್ದರೆ ಮೂಡಲ್ ಕಡೆ ಹುಡುಕಿ.

ಮೂಡಲ್‌ಮನೆ:
ಮೂರು ಸೇರಿಸುತ್ತೇನೆ. ಜಿಪ್ ಮಾಡುವಾಗ ಫೋಲ್ಡರ್ ಹಿಡಿದು ಮಾಡಬೇಡಿ, ಒಳಗೆ ಹೋಗಿ ಎಲ್ಲ ಫೈಲ್ ಆರಿಸಿ ಮಾಡಿ. ಪ್ಯಾಕೇಜಿನಲ್ಲಿ ಏನೇನಿದೆ ಎಂದು ಹೇಳುವ ಮ್ಯಾನಿಫೆಸ್ಟ್ ಫೈಲ್ ಜಿಪ್‌ನ ಮೊದಲ ಮಟ್ಟದಲ್ಲೇ ಸಿಗಬೇಕು. ಫೈಲ್ ಹೆಸರಲ್ಲಿ ಕನ್ನಡ, ಖಾಲಿ ಜಾಗ ಬೇಡ. ಏರಿಸುವಾಗ 413 ಎರರ್ ಬಂದರೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಫೈಲ್ ಗಾತ್ರದ ಮಿತಿ ಅದು, ಮೂಲತಃ 1 ಎಂಬಿ. ಪಿಎಚ್‌ಪಿಯ ಅಪ್‌ಲೋಡ್ ಮತ್ತು ಪೋಸ್ಟ್ ಮಿತಿಗಳನ್ನೂ ಜೊತೆಗೇ ಏರಿಸಿ. ವಿಡಿಯೊ 10 ನಿಮಿಷಕ್ಕೆ 1 ಎಂಬಿಪಿಎಸ್ ಇಟ್ಟರೂ 75 ಎಂಬಿ ಆಗುತ್ತದೆ, ಆದ್ದರಿಂದ 3 ನಿಮಿಷದ ತುಂಡು ಮಾಡಿ, ವಿಡಿಯೊ ಕಿರಿದು ಮಾಡುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ‘ವೆಬ್ ಆಪ್ಟಿಮೈಸ್ಡ್’ ಟಿಕ್ ಹಾಕಿ.

ಪಾಠಪೆಟ್ಟಿಗೆ:
ಸ್ಟ್ಯಾಂಡರ್ಡ್ಸ್ ಮೋಡ್ ಆಫ್ ಮಾಡಿಸಿದ ಮೇಲೆ 405 ನಿಂತಿತು, 46ನೇ ಸ್ಲೈಡ್‌ನಲ್ಲಿ ಬಿಟ್ಟರೂ ಅಲ್ಲಿಂದಲೇ ಶುರುವಾಗುತ್ತಿದೆ. ಟೈಪ್ ಮಾಡುವ ಎಂಟು ಜಾಗವನ್ನೂ ಆರಿಸುವ ಪ್ರಶ್ನೆ ಮಾಡುತ್ತಿದ್ದೇವೆ. ಹತ್ತು ಪಾಠ ಎಚ್5ಪಿಯಲ್ಲೇ. ಪರೀಕ್ಷಾ ಯಂತ್ರದ ಪರದೆ ಬರುವ ಎರಡಕ್ಕೆ ಮಾತ್ರ ಸ್ಟೋರಿಲೈನ್, ಒಂದು ವರ್ಷಕ್ಕೆ.