ದೇವಿಮನೆ ಘಟ್ಟದಲ್ಲಿ ಬಿದ್ದ ಮೇಲೆ ಬೈಕ್ ಸ್ಟಾರ್ಟೇ ಆಗುತ್ತಿಲ್ಲ

ಕತಗಾಲದವ:
ನಿನ್ನೆ ಸಂಜೆ ಶಿರಸಿಯಿಂದ ಕುಮಟಾ ಕಡೆ ಇಳಿಯುತ್ತಿದ್ದೆ. ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ಕೆಂಪು ರಾಡಿ ರಸ್ತೆಗೇ ಬಂದಿತ್ತು. ಮುಂದಿನ ಬ್ರೇಕ್ ಹಿಡಿದದ್ದೇ ತಪ್ಪಾಯ್ತು, ಗಾಡಿ ಎಡಕ್ಕೆ ಮಲಗಿಬಿಟ್ಟಿತು. ನನಗೆ ಮೊಣಕಾಲು ತರಚಿದ್ದು ಅಷ್ಟೇ. ಆದರೆ ಕಾಲು ಅಡಿಗೆ ಸಿಕ್ಕಿಕೊಂಡು, ಹಿಂದೆ ಬಂದ ಜೀಪಿನವರು ಎತ್ತುವವರೆಗೆ ಐದಾರು ನಿಮಿಷ ಗಾಡಿ ಹಾಗೇ ಬಿದ್ದಿತ್ತು, ಪೆಟ್ರೋಲ್ ಬೇರೆ ಸೋರುತ್ತಿತ್ತು.

ಆಮೇಲೆ ಸ್ಟಾರ್ಟ್ ಆಗಲೇ ಇಲ್ಲ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಚೋಕ್ ಎಳೆದು ಐವತ್ತು ಸಲ ಕಿಕ್ ಹೊಡೆದಿರಬೇಕು. ಕೊನೆಗೆ ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. 2018ರ 150 ಸಿಸಿ, ಕಾರ್ಬ್ಯುರೇಟರ್ ಗಾಡಿ. ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್ (ಎಂಜಿನ್ ಬಂದ್ ಮಾಡುವ ಸ್ವಿಚ್) ನೋಡಿದ್ದೇನೆ, ಆನ್ ಇದೆ. ಏನಾಗಿರಬಹುದು?

ಬೈತಖೋಲ್ ಬುಲೆಟ್:
ಕೀ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ? ನನ್ನದು ಕಾರವಾರದಲ್ಲಿ ಬೀಚ್ ಹತ್ತಿರ ಮರಳಲ್ಲಿ ಜಾರಿ ಬಿದ್ದಾಗ ಹೀಗೇ ಆಗಿತ್ತು. ಗಾಡಿ ಮಲಗಿದರೆ ಒಂದು ಸೆನ್ಸರ್ ಎಂಜಿನ್ ಬಂದ್ ಮಾಡುತ್ತದೆ, ಕೀ ತಿರುಗಿಸಿದ ಮೇಲೆ ಸರಿಯಾಯ್ತು. ಇಲ್ಲದಿದ್ದರೆ ಎರಡನೇ ಗೇರಿಗೆ ಹಾಕಿ ಇಳಿಜಾರಲ್ಲಿ ತಳ್ಳಿಬಿಡಿ.

ಹಳೇ ಸ್ಪ್ಯಾನರ್, ಶಿರಸಿ:
ಆ ಸೆನ್ಸರ್ ಇರುವುದು ಹೆಚ್ಚಾಗಿ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ, 2020ರ ಏಪ್ರಿಲ್‌ನಲ್ಲಿ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಬಂದ ಮೇಲಿನವು ಬಹುತೇಕ ಎಲ್ಲ ಅಂಥವೇ. ಇವರದು ಕಾರ್ಬ್ಯುರೇಟರ್, ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಹಳೇ ಪದ್ಧತಿ. ತಳ್ಳುವುದಂತೂ ಈಗಲೇ ಬೇಡ ಮಾರಾಯ್ರೆ. ಸಿಲಿಂಡರ್ ಒಳಗೆ ಪೆಟ್ರೋಲ್ ನಿಂತಿದ್ದರೆ ಪಿಸ್ಟನ್ ಅದನ್ನು ಒತ್ತಲಿಕ್ಕೆ ಆಗುವುದಿಲ್ಲ, ಗಾಡಿಯ ಭಾರ ಹಾಕಿ ತಿರುಗಿಸಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗಬಹುದು.

ನನಗನ್ನಿಸುವುದು ಫ್ಲಡ್ ಆಗಿದೆ, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗಿದೆ. ಕಾರ್ಬ್ಯುರೇಟರ್ ಒಳಗೆ ಒಂದು ಫ್ಲೋಟ್ ಇರುತ್ತದೆ, ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತಲ್ಲ, ಹಾಗೆ. ಗಾಡಿ ನೆಟ್ಟಗಿದ್ದರೆ ಮಾತ್ರ ಅದು ಪೆಟ್ರೋಲ್ ತಡೆಯುತ್ತದೆ, ಅಡ್ಡ ಮಲಗಿದರೆ ಪೆಟ್ರೋಲ್ ಹೊರಗೂ ಹೋಗುತ್ತದೆ, ಎಂಜಿನ್ ಒಳಗೂ ಹೋಗುತ್ತದೆ. ಅದರ ಮೇಲೆ ನೀವು ಚೋಕ್ ಬೇರೆ ಎಳೆದಿದ್ದೀರಿ! ಇನ್ನಷ್ಟು ಕುಡಿಸಿದ ಹಾಗಾಯ್ತು.

ಪೆಟ್ರೋಲ್ ಕಾಕ್ ಬಂದ್ ಮಾಡಿ, ಚೋಕ್ ತೆಗೆಯಿರಿ. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ, ಒದ್ದೆ ಇದ್ದರೆ ಅದೇ ಕಾರಣ. ಕೀ ಆಫ್ ಇಟ್ಟು, ಎಕ್ಸಿಲೇಟರ್ ಪೂರ್ತಿ ತಿರುವಿ ಹಿಡಿದು ಹತ್ತು ಹದಿನೈದು ಕಿಕ್ ಹೊಡೆಯಿರಿ, ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಚಿಮ್ಮುತ್ತದೆ, ಮುಖ ದೂರ ಇರಲಿ. ಅಂಗಳದಲ್ಲೇ ಮಾಡಿ. ಈ ಮಳೆಯಲ್ಲಿ ಪ್ಲಗ್ ಒಣಗಿಸಲು ಬಚ್ಚಲೊಲೆಯ ನೆನಪಾಗುತ್ತದೆ ಅಂತ ಗೊತ್ತು, ಪೆಟ್ರೋಲ್ ಹಸಿ ಇರುವಾಗ ಅದರ ಹತ್ತಿರ ಸುಳಿಯಬೇಡಿ. ಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಬಿಟ್ಟರೆ ಸಾಕು. ಮತ್ತೆ ಹಾಕಿ, ಎಕ್ಸಿಲೇಟರ್ ಅರ್ಧ ತಿರುವಿ ಸ್ಟಾರ್ಟ್ ಮಾಡಿ.

ಎಂಜಿನ್ ಆಯಿಲ್ ಕಡ್ಡಿಯನ್ನೂ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಮಟ್ಟ ಮೊದಲಿಗಿಂತ ಜಾಸ್ತಿ ಇದ್ದರೆ, ಆಯಿಲ್ ಬದಲಿಸದೆ ಓಡಿಸಬೇಡಿ.

ಮಿರ್ಜಾನಿನ ಮಳೆ:
ಪ್ಲಗ್ ಕ್ಯಾಪ್ ಸಡಿಲ ಆಗಿದೆಯಾ, ಬ್ಯಾಟರಿ ಟರ್ಮಿನಲ್ ಜಾರಿದೆಯಾ ಅದನ್ನೂ ನೋಡಿ. ಕಿಲ್ ಸ್ವಿಚ್ ಆನ್ ಕಂಡರೂ ಒಳಗೆ ರಾಡಿ ಹೊಕ್ಕಿರುತ್ತದೆ, ನಾಲ್ಕೈದು ಸಲ ಅತ್ತಿತ್ತ ಒತ್ತಿ. ಸುಮ್ನೆ ಹೇಳುವುದಲ್ಲ, ನಾನು ಒಂದು ಕಿಲ್ ಸ್ವಿಚ್ಚಿಗಾಗಿ ಗಾಡಿಯನ್ನು ಎರಡು ಕಿಲೋಮೀಟರ್ ತಳ್ಳಿದವ.

ಕತಗಾಲದವ:
ಸ್ಪ್ಯಾನರ್ ಅಣ್ಣ ಹೇಳಿದ್ದೇ ಸರಿ. ಪ್ಲಗ್ ತೊಯ್ದು ತೊಪ್ಪೆಯಾಗಿತ್ತು. ಒರೆಸಿ ಹಾಕಿದೆ, ಆರನೇ ಕಿಕ್ಕಿಗೆ ಹತ್ತಿಕೊಂಡಿತು. ಆಯಿಲ್‌ಗೆ ಪೆಟ್ರೋಲ್ ವಾಸನೆ ಇಲ್ಲ, ಮಟ್ಟ ಮಾತ್ರ ಸ್ವಲ್ಪ ಇಳಿದಿದೆ. ಆದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಎಕ್ಸಿಲೇಟರ್ ಕೊಟ್ಟರೆ ಉಸಿರು ಕಟ್ಟಿದ ಹಾಗೆ ಬಂದ್ ಬೀಳುತ್ತದೆ. ಹ್ಯಾಂಡಲ್ ಕೂಡ ಸ್ವಲ್ಪ ಓರೆ.

ಹಳೇ ಸ್ಪ್ಯಾನರ್, ಶಿರಸಿ:
ಉಸಿರು ಕಟ್ಟಿದೆ ಅಂದ್ರಲ್ಲ, ನಿಜವಾಗಿ ಅದೇ. ಏರ್ ಫಿಲ್ಟರ್ ತೆಗೆಯಿರಿ. ಎಂಜಿನ್ನಿನಿಂದ ಒಂದು ಬ್ರೀದರ್ ಪೈಪ್ ಫಿಲ್ಟರ್ ಡಬ್ಬಕ್ಕೆ ಬರುತ್ತದೆ, ಗಾಡಿ ಮಲಗಿದಾಗ ಆಯಿಲ್ ಅದರಲ್ಲೇ ಹರಿದು ಬಂದಿರುತ್ತದೆ. ಮಟ್ಟ ಇಳಿದದ್ದೂ ಅದಕ್ಕೇ. ಫಿಲ್ಟರ್ ಕಾಗದದ್ದಾದರೆ ಹೊಸದು ಹಾಕಿ, ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು ಹಿಂಡಿ ಒಣಗಿಸಿ. ಡಬ್ಬದ ಒಳಗೂ ಒರೆಸಿ. ಉಳಿದ ಹೊಗೆ ಸ್ವಲ್ಪ ಹೊತ್ತು ಓಡಿದರೆ ತಾನೇ ಹೋಗುತ್ತದೆ. ಆಯಿಲ್ ಕಡಿಮೆಯಾದಷ್ಟು ಹಾಕಲು ಮರೆಯಬೇಡಿ.

ಹ್ಯಾಂಡಲ್‌ಗೆ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ತಿರುವುವವರಿದ್ದಾರೆ, ಒಮ್ಮೊಮ್ಮೆ ಸರಿಯೂ ಆಗುತ್ತದೆ. ಆದರೆ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು) ಬಾಗಿದೆಯಾ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸದೆ ಘಟ್ಟ ಹತ್ತಬೇಡಿ.

ಕತಗಾಲದವ:
ಫಿಲ್ಟರ್ ಡಬ್ಬದಲ್ಲಿ ಅರ್ಧ ಲೋಟ ಆಯಿಲ್ ಇತ್ತು! ಕಾಗದದ ಫಿಲ್ಟರ್, ಕುಮಟಾದಿಂದ ಹೊಸದು ತರಿಸಿದೆ. ಈಗ ಗಾಡಿ ಮೊದಲಿನ ಹಾಗೇ ಇದೆ. ಫೋರ್ಕ್ ನಾಳೆ ತೋರಿಸುತ್ತೇನೆ. ಕ್ಲಚ್ ಲಿವರಿನ ತುದಿ ಮುರಿದದ್ದು ಹಾಗೇ ಇರಲಿ, ಎರಡು ಬೆರಳಿಗೆ ಸಾಕು.