ಸಹಾಯ ಬೇಕು: ಚಾರಣಕ್ಕೆ ಯಾವ ವಾಕಿಟಾಕಿ ತಗೊಳ್ಳೋದು?

ಮಳೆ ನಿಂತ ಮೇಲೆ ನಮ್ಮ ಗುಂಪು ಕುಕ್ಕೆ ಕಡೆಯಿಂದ ಕುಮಾರಪರ್ವತ ಹತ್ತುವ ಯೋಚನೆಯಲ್ಲಿದೆ. ಹೋಗಿ ಬಂದವರಿಗೆ ಗೊತ್ತು, ದಾರಿಯಲ್ಲಿ ಚಾರಣಿಗರು ಊಟಕ್ಕೆ ನಿಲ್ಲುವ ಭಟ್ಟರ ಮನೆ ದಾಟಿದ ಮೇಲೆ ಮೊಬೈಲ್ ನಂಬುವ ಹಾಗಿಲ್ಲ. ಮುಂದಿದ್ದವರು ತುದಿಗೆ ಮೊದಲು ಸಿಗುವ ಶೇಷಪರ್ವತ ಇಳಿದು ಕಾಡಿನೊಳಗೆ ಸೇರಿಕೊಂಡರೆ, ಹಿಂದೆ ಹುಲ್ಲುಗುಡ್ಡದಲ್ಲಿ ಏದುಸಿರು ಬಿಡುತ್ತಾ ಬರುವವರಿಗೆ ಎಷ್ಟು ಕೂಗಿದರೂ ಕೇಳಿಸಲ್ಲ, ಅದಕ್ಕೇ ಮುಂದೊಂದು ಹಿಂದೊಂದು ವಾಕಿಟಾಕಿ ಇರಲಿ ಅಂತ.

ಆನ್‌ಲೈನ್‌ನಲ್ಲಿ ನೋಡಿದರೆ ತಲೆ ಕೆಡುತ್ತೆ. ‘10 ಕಿ.ಮೀ. ರೇಂಜ್’ ಅಂತ ದೊಡ್ಡದಾಗಿ ಹಾಕಿರುತ್ತಾರೆ, ಯಾವ ಫ್ರೀಕ್ವೆನ್ಸಿ ಅಂತ ಮಾತ್ರ ಹೇಳಲ್ಲ. ಆ ರೇಂಜ್ ಬಯಲಲ್ಲಿ ಸಿಗಬಹುದು, ನಡುವೆ ಗುಡ್ಡ ಅಡ್ಡ ಬಂದರೆ ಮುಗೀತು ಅಲ್ವಾ? ಲೈಸೆನ್ಸ್ ಇಲ್ಲದೆ ಬಳಸೋಕೆ 446.0–446.2 ಮೆಗಾಹರ್ಟ್ಸ್ ಸೆಟ್ ನೋಡ್ತಿದ್ದೇನೆ, ಅದಕ್ಕೂ ಇಟಿಎ ಸರ್ಟಿಫಿಕೇಟ್ (ಆ ಮಾಡೆಲ್‌ಗೆ ಸರ್ಕಾರದ ಅನುಮೋದನೆ) ಇರಬೇಕು. ಬಾವೊಫೆಂಗ್ ಯುವಿ-5ಆರ್ ಅನ್ನೋ ವಾಕಿಟಾಕಿ ಅಗ್ಗ, ಪವರೂ ಜಾಸ್ತಿ, ಆದರೆ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬೇಕು, ನಮ್ಮಲ್ಲಿ ಯಾರಿಗೂ ಇಲ್ಲ. ‘ಕಾಡಲ್ಲಿ ಯಾರು ಕೇಳ್ತಾರೆ’ ಅನ್ನೋ ಸಲಹೆ ದಯವಿಟ್ಟು ಬೇಡ, ಅರಣ್ಯ ಇಲಾಖೆಯವರು ಚೆಕ್‌ಪೋಸ್ಟ್‌ನಲ್ಲೇ ಬ್ಯಾಗ್ ನೋಡ್ತಾರೆ.

ಹಾಗಾಗಿ ಕೇಳ್ತಿರೋದು ಇಷ್ಟು. ಲೈಸೆನ್ಸ್ ಬೇಡದ ಅರ್ಧ ವ್ಯಾಟ್‌ನ ಈ 446 ಮೆಗಾಹರ್ಟ್ಸ್ ಸೆಟ್‌ಗಳನ್ನು ಪಶ್ಚಿಮ ಘಟ್ಟದ ದಟ್ಟ ಕಾಡಲ್ಲಿ ನಿಜವಾಗಿ ಬಳಸಿದವರು ಇದ್ದೀರಾ, ಮಂಜು ಮುಸುಕಿದಾಗ ಒದ್ದೆ ಕೈಯಲ್ಲಿ ಬಟನ್ ಒತ್ತೋಕೆ ಆಗುತ್ತಾ? ಚಾರ್ಜ್ ಮಾಡೋ ಬ್ಯಾಟರಿಯದ್ದು ಒಳ್ಳೇದಾ, ಅಂಗಡಿಯಲ್ಲಿ ಸಿಗೋ ಪೆನ್ಸಿಲ್ ಸೆಲ್ ಹಾಕೋದಾ? ನನಗೆ ಸೆಲ್ಲೇ ವಾಸಿ ಅನ್ಸುತ್ತೆ, ಸುಮ್ನೆ ನಾಲ್ಕು ಜಾಸ್ತಿ ಇಟ್ಟುಕೊಂಡರಾಯ್ತು. ಬೆಂಗಳೂರಲ್ಲಿ ಇಂಥದ್ದು ಬಾಡಿಗೆಗೆ ಸಿಗೋ ಜಾಗ ಗೊತ್ತಿದ್ದರೂ ಹೇಳಿ.